ಲ್ಯಾಬಿನಲ್ಲಿ ಉಳಿಯುವವರು ಯಾರು?

ತಂಗಿ: ಅಕ್ಕಾ, ಸುತ್ತಿ ಬಳಸಿ ಕೇಳಲ್ಲ. ಎಂ.ಎಸ್ಸಿ. ಮುಗೀತು. ಬೊಮ್ಮಸಂದ್ರದ ಒಂದು ಕಂಪನಿಯಿಂದ ಆಫರ್ ಬಂದಿದೆ. ಇನ್ನೊಂದು ಕಡೆ ವಿಶ್ವವಿದ್ಯಾಲಯದ ಆರ್ಗ್ಯಾನಿಕ್ ಲ್ಯಾಬಿನಲ್ಲಿ ಪ್ರಾಜೆಕ್ಟ್ ಮೇಲೆ ಕಿರಿಯ ಸಂಶೋಧನಾ ಫೆಲೋ, ಅಂದ್ರೆ ಜೆಆರ್‌ಎಫ್ ಜಾಗ ಇದೆ, ಪಿಎಚ್.ಡಿ.ಗೂ ರಿಜಿಸ್ಟರ್ ಆಗಬಹುದಂತೆ. ಮನೇಲಿ ಎಲ್ಲರೂ ಕಂಪನಿ ಅಂತಾರೆ. ನೀನು ಅಂಥ ಲ್ಯಾಬಲ್ಲೇ ವಿಜ್ಞಾನಿಯಾಗಿದ್ದೀಯ. ದಿನವಿಡೀ ಅಲ್ಲಿ ಏನು ಮಾಡ್ತೀಯ, ನೆಟ್ಟಗೆ ಹೇಳು.

ಅಕ್ಕ: ತೊಳೀತೀನಿ, ಬೇರ್ಪಡಿಸ್ತೀನಿ, ಬರೀತೀನಿ.

ತಂಗಿ: ಹೊಸ ಅಣು ಕಟ್ಟೋದು?

ಅಕ್ಕ: ಅದೂ ಇದೆ. ದಿನದಲ್ಲಿ ಅದರ ಪಾಲು ತೀರಾ ಕಡಿಮೆ. ಸಾಮಾನೆಲ್ಲ ತಯಾರಿದ್ರೆ ಒಂದು ರಿಯಾಕ್ಷನ್ ಹಾಕೋಕೆ ಅರ್ಧ ಗಂಟೆ ಸಾಕು. ಓವನ್ನಿನಲ್ಲಿ ಒಣಗಿಸಿದ ಗುಂಡುತಳದ ಫ್ಲಾಸ್ಕು, ಅಂದ್ರೆ ಆರ್‌ಬಿ, ಒಳಗೊಂದು ಮ್ಯಾಗ್ನೆಟಿಕ್ ಬೀಡ್, ಬಾಯಿಗೆ ಸೆಪ್ಟಮ್, ಮೇಲೆ ನೈಟ್ರೋಜನ್ ತುಂಬಿದ ಬಲೂನು. ಸಿರಿಂಜಿನಿಂದ ಹನಿಹನಿಯಾಗಿ ಹಾಕಿ ತಿರುಗೋಕೆ ಬಿಟ್ಟರೆ ಆಯ್ತು. ಮಾರನೇ ಬೆಳಿಗ್ಗೆ ಅದರೊಳಗೆ ಕಂದು ಬಣ್ಣದ ಒಂದು ದ್ರವ ಇರುತ್ತೆ. ನಿನಗೆ ಬೇಕಾದ್ದು ಅದರಲ್ಲಿ ಇದೆಯೋ ಇಲ್ಲವೋ, ಇದ್ದರೆ ಎಷ್ಟಿದೆ, ಜೊತೆಗೆ ಬೇಡದ್ದು ಏನೇನಿದೆ ಅಂತ ತಿಳಿಯೋಕೆ ಎರಡು ದಿನ, ಮೂರು ದಿನ, ಕೆಲವು ಸಲ ಎರಡು ವಾರ.

ತಂಗಿ: ಅಮ್ಮ ಅಂತಾಳೆ, ನಿಮ್ಮದೂ ಅಡುಗೆಮನೆ ಕೆಲಸಾನೇ, ಪಾತ್ರೆ ಮಾತ್ರ ಗಾಜಿಂದು ಅಂತ.

ಅಕ್ಕ: ಚಿಕ್ಕಮ್ಮನ ಸಾರು ಕೆಟ್ಟರೆ ನಾಲಿಗೆ ತಕ್ಷಣ ಹೇಳುತ್ತೆ. ನಮ್ಮಲ್ಲಿ ರುಚಿ ನೋಡೋ ಹಾಗಿಲ್ಲ. ಕೊನೆಗೆ ಕೈಗೆ ಬರೋ ಬಿಳಿ ಪುಡಿ ನಾವು ಅಂದುಕೊಂಡದ್ದೇ ಆಗಿರಬಹುದು, ಶುರುವಿನಲ್ಲಿ ಹಾಕಿದ ಸಾಮಾನೇ ಹಾಗೇ ವಾಪಸ್ ಬಂದಿರಬಹುದು, ಯಾರೂ ಊಹಿಸದ ಮೂರನೆಯದೂ ಆಗಿರಬಹುದು. ಕಣ್ಣಿಗೆ ಮೂರೂ ಬಿಳಿ ಪುಡಿಯೇ.

ತಂಗಿ: ಬೇರ್ಪಡಿಸೋದು ನಮಗೂ ಗೊತ್ತಪ್ಪ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಬೈನರಿ ಮಿಕ್ಸ್ಚರ್ ಕೊಟ್ಟಿದ್ರು. ಬೈಕಾರ್ಬೊನೇಟ್ ಹಾಕಿ ಆಸಿಡ್ ಬೇರೆ ಮಾಡಿ, ಮೆಲ್ಟಿಂಗ್ ಪಾಯಿಂಟ್ ನೋಡಿ, ಡೆರಿವೇಟಿವ್ ಮಾಡಿ ತೋರಿಸಿದ್ದೆ. ಪೂರ್ತಿ ಅಂಕ.

ಅಕ್ಕ: ಆ ಮಿಕ್ಸ್ಚರ್ರಿನ ಉತ್ತರ ಮೇಷ್ಟ್ರ ರಿಜಿಸ್ಟರಿನಲ್ಲಿತ್ತು. ಸಂಶೋಧನೆಯ ಲ್ಯಾಬಲ್ಲಿ ಅಂಥ ರಿಜಿಸ್ಟರ್ ಇಲ್ಲ. ಗೈಡಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದ್ದರಿಂದ ಮೊದಲ ವರ್ಷ ಬರೋ ಹುಡುಗರು ಹೆಚ್ಚು ಒದ್ದಾಡೋದು ಥಿಯರಿಯಲ್ಲಿ ಅಲ್ಲ, ಕಾಲಮ್ ಮುಂದೆ.

ತಂಗಿ: ಕಾಲಮ್ ಅಂದ್ರೆ ಗಾಜಿನ ಕೊಳವೆಗೆ ಸಿಲಿಕಾ ತುಂಬಿ ಸಾಲ್ವೆಂಟ್ ಸುರಿಯೋದು. ಅದರಲ್ಲೇನು ಒದ್ದಾಟ?

ಅಕ್ಕ: ಹೇಳ್ತೀನಿ ಕೇಳು. ಮೊದಲು ಕ್ರೂಡ್‌ನ ಅಂದ್ರೆ ಆ ಕಂದು ದ್ರವದ ಒಂದು ಚುಕ್ಕೆಯನ್ನ ಟಿಎಲ್‌ಸಿ ತಟ್ಟೆಗೆ ಇಟ್ಟು, ಹೆಕ್ಸೇನು ಮತ್ತು ಈಥೈಲ್ ಅಸಿಟೇಟಿನಲ್ಲಿ ಏರಿಸಿ, 254 ನ್ಯಾನೊಮೀಟರ್ ಯುವಿ ದೀಪದ ಕೆಳಗೆ ಹಿಡೀಬೇಕು. ಎಷ್ಟು ಚುಕ್ಕೆ, ಎಷ್ಟೆಷ್ಟು ದೂರ ಹೋಗಿವೆ ಅಂತ ನೋಡಬೇಕು. ಯುವಿಗೆ ಕಾಣದ್ದು ಅಯೋಡಿನ್ ಡಬ್ಬದಲ್ಲಿಟ್ಟರೆ ಕಂದಾಗಿ ಕಾಣಬಹುದು, ಪರ್ಮ್ಯಾಂಗನೇಟ್ ಸವರಿ ಬಿಸಿ ಮಾಡಿದ್ರೆ ಹಳದಿಯಾಗಿ ಏಳಬಹುದು. ಎರಡು ಚುಕ್ಕೆ ಒತ್ತೊತ್ತಾಗಿ ಕೂತಿದ್ರೆ ಸಾಲ್ವೆಂಟ್ ಪ್ರಮಾಣ ಬದಲಿಸಿ ಮತ್ತೆ ಏರಿಸಬೇಕು. ಆಮೇಲೆ ಕಾಲಮ್ ತುಂಬೋದು. ಸಿಲಿಕಾವನ್ನ ಹೆಕ್ಸೇನಿನಲ್ಲಿ ಕಲಸಿ ಒಂದೇ ಧಾರೆಯಲ್ಲಿ ಇಳಿಸಬೇಕು. ಗಾಳಿಗುಳ್ಳೆ ನಿಂತರೆ ಅಲ್ಲೇ ಬಿರುಕು. ಮಧ್ಯದಲ್ಲಿ ಸಾಲ್ವೆಂಟ್ ತೀರಿ ಮೇಲ್ಭಾಗ ಒಣಗಿದ್ರೂ ಬಿರುಕು. ಬಿರುಕು ಬಂತೋ, ಬೇರೆಯಾಗಬೇಕಿದ್ದ ಎರಡೂ ಅದರೊಳಗೆ ಸೇರಿ ಒಟ್ಟಿಗೇ ಇಳಿದು ಬರ್ತವೆ. ಎಲ್ಲಾ ಸರಿಯಿದ್ರೆ ಸಾಲುಸಾಲು ಟೆಸ್ಟ್ ಟ್ಯೂಬ್, ಪ್ರತಿಯೊಂದಕ್ಕೂ ಮತ್ತೆ ಟಿಎಲ್‌ಸಿ, ಒಂದೇ ಚುಕ್ಕೆ ಇರುವ ಟ್ಯೂಬುಗಳನ್ನ ಕೂಡಿಸಿ, ಸಾಲ್ವೆಂಟ್ ಹಾರಿಸೋ ರೋಟಾಗೆ ಹಾಕೋದು.

ತಂಗಿ: ಇದೆಲ್ಲಾ ಮೆಷಿನ್ ಮಾಡಲ್ವಾ ಈಗ?

ಅಕ್ಕ: ಕಂಪನಿಯಲ್ಲಿ ಮಾಡುತ್ತೆ. ದುಡ್ಡಿರೋ ಸಂಸ್ಥೆಗಳಲ್ಲೂ ಮಾಡುತ್ತೆ. ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಕೈಯೇ ಮೆಷಿನ್. ಇನ್ನೊಂದು ಗಮ್ಮತ್ತು ಗೊತ್ತಾ? ಈ ವಿದ್ಯೆ ಶುರು ಮಾಡಿದವನು ರಸಾಯನಶಾಸ್ತ್ರಜ್ಞನೇ ಅಲ್ಲ, ಸಸ್ಯಶಾಸ್ತ್ರಜ್ಞ. ಮಿಖಾಯಿಲ್ ತ್ಸ್ವೆತ್ ಅನ್ನೋ ರಷ್ಯನ್ 20ನೇ ಶತಮಾನದ ಶುರುವಿನಲ್ಲಿ ವಾರ್ಸಾದಲ್ಲಿ ಕೂತು, ಎಲೆಯ ರಸವನ್ನ ಸೀಮೆಸುಣ್ಣದ ಪುಡಿ ತುಂಬಿದ ಕೊಳವೆಯಲ್ಲಿ ಇಳಿಸಿ ಹಸಿರು, ಹಳದಿ ಪಟ್ಟೆಗಳನ್ನ ಬೇರೆ ಮಾಡಿದ. ನಾವು ಈಗ ಮಾಡೋ ಫ್ಲ್ಯಾಶ್ ಕಾಲಮ್ 1978ರದ್ದು. ಕೊಲಂಬಿಯಾ ವಿಶ್ವವಿದ್ಯಾಲಯದ ಕ್ಲಾರ್ಕ್ ಸ್ಟಿಲ್ ಮತ್ತು ಜೊತೆಗಾರರು ನುಣ್ಣನೆ ಸಿಲಿಕಾ ಹಾಕಿ, ಮೇಲಿಂದ ಸ್ವಲ್ಪ ಗಾಳಿ ಒತ್ತಡ ಕೊಟ್ಟರೆ ಗಂಟೆಗಟ್ಟಲೆಯ ಕೆಲಸ ಹತ್ತು ಹದಿನೈದು ನಿಮಿಷಕ್ಕೆ ಇಳಿಯುತ್ತೆ ಅಂತ ತೋರಿಸಿದರು. ಒಂದು ಹೊಸ ಅಣುವನ್ನೂ ಮಾಡದ ಪ್ರಬಂಧ ಅದು. ಆಮೇಲಿನ ಲಕ್ಷಾಂತರ ಅಣುಗಳು ಅದರ ಮೂಲಕವೇ ಇಳಿದು ಬಂದಿವೆ.

ತಂಗಿ: ಸರಿ, ಪುಡಿ ಸಿಕ್ತು. ಅದು ನಿನ್ನದೇ ಅಂತ ಹೇಗೆ ಹೇಳ್ತೀಯ?

ಅಕ್ಕ: ಎನ್‌ಎಂಆರ್‌ಗೆ ಕೊಡ್ತೀವಿ. ಕ್ಲೋರೋಫಾರ್ಮಿನ ಹೈಡ್ರೋಜನ್ ಜಾಗದಲ್ಲಿ ಡ್ಯೂಟೀರಿಯಂ ಇರೋ ದ್ರವದಲ್ಲಿ ಕರಗಿಸಿ, ತೆಳ್ಳನೆ ಟ್ಯೂಬಿಗೆ ಹಾಕಿ, ಸಾಲಿನಲ್ಲಿ ಕಾಯೋದು. ಆ ಯಂತ್ರದ ಮ್ಯಾಗ್ನೆಟನ್ನ ತಣ್ಣಗಿಡೋಕೆ ಮೈನಸ್ 269 ಡಿಗ್ರಿಯ ದ್ರವ ಹೀಲಿಯಂ ಬೇಕು. ಹೀಲಿಯಂ ಹೊರದೇಶದಿಂದ ಬರಬೇಕು. ಬರೋದು ತಡವಾದ್ರೆ ಇಡೀ ಕ್ಯಾಂಪಸ್ಸಿನ ಪುಡಿಗಳು ಕಾಯ್ತಾ ಕೂರ್ತವೆ. ಗ್ರಾಫ್ ಬಂದಾಗ ಮೊದಲು ಮಾಡೋ ಕೆಲಸ ಗೆರೆಗಳನ್ನ ಓದೋದಲ್ಲ, ಕಸ ಗುರುತಿಸೋದು. 7.26ರ ಹತ್ತಿರದ ಗೆರೆ ಸಾಲ್ವೆಂಟಿನದು. 4.12ರಲ್ಲಿ ನಾಲ್ಕು ಹಲ್ಲಿನ ಪುಟ್ಟ ಗೆರೆ, 2.05ರಲ್ಲಿ ಒಂದು, 1.26ರಲ್ಲಿ ಮೂರು ಹಲ್ಲಿನದು ಕಂಡರೆ ನಿನ್ನ ಪುಡಿ ಇನ್ನೂ ಒಣಗಿಲ್ಲ, ಈಥೈಲ್ ಅಸಿಟೇಟ್ ಕೂತಿದೆ. ಯಾವ ಸಾಲ್ವೆಂಟಿನ ಗೆರೆ ಎಲ್ಲಿ ಬರುತ್ತೆ ಅಂತ 1997ರಲ್ಲಿ ಮೂವರು ಸೇರಿ ಪಟ್ಟಿ ಮಾಡಿ ಪ್ರಕಟಿಸಿದರು. ಎಷ್ಟೋ ಲ್ಯಾಬುಗಳ ಗೋಡೆ ಮೇಲೆ ದೇವರ ಪಟದ ಪಕ್ಕದಲ್ಲಿ ಆ ಹಾಳೆ ಇರುತ್ತೆ.

ತಂಗಿ: ಇಷ್ಟು ಕಷ್ಟಪಟ್ಟು ಸಿಗೋದು ಎಷ್ಟು?

ಅಕ್ಕ: ಲೆಕ್ಕ ಹಾಕು. ಒಂದು ಅಣುವಿಗೆ 20 ಹಂತ ಅಂತ ಇಟ್ಕೋ. ಪ್ರತಿ ಹಂತದಲ್ಲೂ ನೂರಕ್ಕೆ 90 ಕೈಗೆ ಬಂತು ಅಂದ್ರೆ ಯಾರಾದ್ರೂ ಶಹಬಾಸ್ ಅಂತಾರೆ. ಕೊನೆಗೆ ಉಳಿಯೋದು ನೂರಕ್ಕೆ 12. ನಿಜದಲ್ಲಿ ಎಲ್ಲಾ ಹಂತವೂ 90 ಕೊಡಲ್ಲ, ಅದಕ್ಕೇ 10 ಗ್ರಾಮಿನಿಂದ ಶುರು ಮಾಡಿದವರು ಕೊನೆಯ ಹಂತಕ್ಕೆ ಮಿಲಿಗ್ರಾಮ್ ಹಿಡ್ಕೊಂಡು ಉಸಿರು ಬಿಗಿಹಿಡಿದು ನಡೀತಾರೆ. ಹಾರ್ವರ್ಡಿನಲ್ಲಿ ವುಡ್‌ವರ್ಡ್, ಜೂರಿಕ್ಕಿನಲ್ಲಿ ಎಷೆನ್‌ಮೋಸರ್ ಸೇರಿ ವಿಟಮಿನ್ ಬಿ12 ಕಟ್ಟೋಕೆ ಹತ್ತು ವರ್ಷಕ್ಕೂ ಹೆಚ್ಚು ಹಿಡೀತು. ಎರಡೂ ಕಡೆ ಸೇರಿ ನೂರರ ಹತ್ತಿರ ಜನ. ಮುಗಿದದ್ದು 1972ರಲ್ಲಿ.

ತಂಗಿ: ಈಗ ಬಿ12 ಹಾಗೇ ಮಾಡ್ತಾರಾ?

ಅಕ್ಕ: ಇಲ್ಲ, ಬ್ಯಾಕ್ಟೀರಿಯಾಗಳಿಂದ ಮಾಡಿಸ್ತಾರೆ.

ತಂಗಿ: ನೋಡಿದ್ಯಾ! ಅಷ್ಟು ಜನ, ಅಷ್ಟು ವರ್ಷ, ಕೊನೆಗೆ ಒಂದು ಮಾತ್ರೆಯೂ ಅದರಿಂದ ಬರಲಿಲ್ಲ. ಕಂಪನಿಯಲ್ಲಿ ನಾನು ಮಾಡಿದ್ದು ನಾಳೆ ಔಷಧ ಆದರೂ ಆಗಬಹುದು.

ಅಕ್ಕ: ಆಗಬಹುದು, ನಾನೇನು ಕಂಪನಿಯನ್ನ ಹೀಗಳೀತಿಲ್ಲ. ಆದರೆ ಬಿ12ರ ಹಾದಿಯಲ್ಲಿ ಎದ್ದ ಒಂದು ಒಗಟಿನಿಂದಲೇ ವುಡ್‌ವರ್ಡ್–ಹಾಫ್‌ಮನ್ ನಿಯಮಗಳು ಹುಟ್ಟಿದ್ದು. ನೀನು ಎಂ.ಎಸ್ಸಿ.ಯಲ್ಲಿ ಬಾಯಿಪಾಠ ಮಾಡಿ ಬರೆದೆಯಲ್ಲ, ಅವೇ. ಇನ್ನು ಮಾತ್ರೆ ವಿಷಯ. ಅಜ್ಜಿಯ ಕಾಲುರಿಗೆ ಡಾಕ್ಟರ್ ಬರೆದ ಮಾತ್ರೆಯ ಪಟ್ಟಿ ತಿರುಗಿಸಿ ಓದಿದ್ದೀಯಾ?

ತಂಗಿ: ಪ್ರಿಗ್ಯಾಬಲಿನ್, ಮೀಥೈಲ್‌ಕೋಬಾಲಮಿನ್ ಅಂತೇನೋ.

ಅಕ್ಕ: ಎರಡನೆಯದು ಬಿ12ದೇ ಒಂದು ರೂಪ. ಮೊದಲನೆಯದು ವಿಶ್ವವಿದ್ಯಾಲಯದ ಆರ್ಗ್ಯಾನಿಕ್ ಲ್ಯಾಬಿನ ಕೂಸು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸಿಲ್ವರ್‌ಮನ್ ಅವರ ಲ್ಯಾಬ್. ಮೆದುಳಿನಲ್ಲಿ ಗಾಬಾ ಅನ್ನೋ ರಾಸಾಯನಿಕ ಹೆಚ್ಚಿಸಿದ್ರೆ ಫಿಟ್ಸ್ ತಡೀಬಹುದು ಅಂತ ಅವರ ಲೆಕ್ಕ. 1989ರಲ್ಲಿ ಅಲ್ಲಿಗೆ ಪೋಲೆಂಡಿನಿಂದ ಬಂದಿದ್ದ ರಿಶಾರ್ಡ್ ಆಂದ್ರುಷ್ಕೇವಿಚ್ ಅನ್ನೋ ಸಂಶೋಧಕ ಗಾಬಾದ ಬೆನ್ನಿಗೆ ಬೇರೆ ಬೇರೆ ಇಂಗಾಲದ ಬಾಲ ಕಟ್ಟಿ ಒಂದು ಸರಣಿ ಅಣು ಮಾಡಿದರು. ಅದರಲ್ಲಿ ಒಂದು ಪ್ರಿಗ್ಯಾಬಲಿನ್. ಒಂದು ಕಂಪನಿ ಪರೀಕ್ಷೆ ಮಾಡಿತು, ಕೆಲಸ ಮಾಡ್ತು. ಆಮೇಲೆ ನೋಡಿದ್ರೆ ಅದು ಕೆಲಸ ಮಾಡ್ತಿದ್ದದ್ದು ಇವರು ಅಂದುಕೊಂಡ ದಾರಿಯಲ್ಲೇ ಅಲ್ಲ, ನರಗಳ ಕ್ಯಾಲ್ಸಿಯಂ ಬಾಗಿಲಿಗೆ ಅಂಟಿಕೊಂಡು. ಔಷಧವಾಗಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2004ರ ಕೊನೆಗೆ.

ತಂಗಿ: ಊಹೆ ತಪ್ಪು, ಅಣು ಸರಿ!

ಅಕ್ಕ: ಆ ಸರಣಿಯ ಪ್ರತಿ ಪುಡಿಯೂ ಶುದ್ಧವಾಗಿರಬೇಕಿತ್ತು. ಅದು ಮುಖ್ಯ. ಕಸ ಬೆರೆತಿದ್ದರೆ ಪರೀಕ್ಷೆಯ ಫಲಿತಾಂಶ ಅಣುವಿನದ್ದೋ ಕಸದ್ದೋ ಗೊತ್ತಾಗ್ತಿರಲಿಲ್ಲ. ಲ್ಯಾಬಿನ ಕೆಲಸ ಜನರ ಕೈಗೆ ತಲುಪಿದ ಇಂಥ ಕತೆ ಹೇಳೋಕೆ ಅಮೆರಿಕಕ್ಕೇ ಹೋಗಬೇಕಂತಿಲ್ಲ. ಮೊದಲ ಮಹಾಯುದ್ಧ ಶುರುವಾಗಿ ಮೈಸೂರಿನ ಶ್ರೀಗಂಧ ಜರ್ಮನಿಗೆ ಹೋಗೋದು ನಿಂತಾಗ, ಇಲ್ಲೇ ಎಣ್ಣೆ ಇಳಿಸೋ ವಿಧಾನ ಸಿದ್ಧಮಾಡಿಕೊಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್. ಸಡ್‌ಬರೊ ಅಲ್ಲಿನ ಆರ್ಗ್ಯಾನಿಕ್ ಪ್ರೊಫೆಸರ್.

ತಂಗಿ: ಕಸ ಅಂದ್ಯಲ್ಲ, ಕಸದಿಂದ ನಿಜವಾಗಿ ಮೋಸ ಹೋಗೋದುಂಟಾ?

ಅಕ್ಕ: ದೊಡ್ಡದೊಡ್ಡವರೇ ಹೋಗಿದ್ದಾರೆ. ಸುಜುಕಿ ಕಪ್ಲಿಂಗ್ ಗೊತ್ತಲ್ಲ, 2010ರ ನೊಬೆಲ್ ಬಂದದ್ದು. ಅದಕ್ಕೆ ಪಲ್ಲೇಡಿಯಂ ಬೇಕು, ದುಬಾರಿ ಲೋಹ. 2003ರಲ್ಲಿ ಒಂದು ಗುಂಪು ಪಲ್ಲೇಡಿಯಂ ಹಾಕದೆಯೇ ಆ ರಿಯಾಕ್ಷನ್ ನಡೀತು ಅಂತ ಪ್ರಕಟಿಸಿತು. ಭಾರಿ ಸುದ್ದಿ. ಎರಡು ವರ್ಷದ ಮೇಲೆ ಅದೇ ಗುಂಪು ಮತ್ತೆ ಬರೆಯಿತು: ನಾವು ಹಾಕಿದ್ದ ಸೋಡಿಯಂ ಕಾರ್ಬೊನೇಟಿನಲ್ಲೇ ಪಲ್ಲೇಡಿಯಂ ಇತ್ತು, ನೂರು ಕೋಟಿಗೆ 50 ಭಾಗದಷ್ಟು. ಅಂದ್ರೆ ಒಂದು ಕಿಲೋ ಸೋಡಾದಲ್ಲಿ ಒಂದು ಮಿಲಿಗ್ರಾಮಿನ ಇಪ್ಪತ್ತನೇ ಒಂದು ಪಾಲು. ಅಷ್ಟು ಸಾಕಾಗಿತ್ತು! ತಾವೇ ಹುಡುಕಿ ತಾವೇ ಬರೆದದ್ದಕ್ಕೆ ಅವರ ಮೇಲೆ ನನಗೆ ಗೌರವ. ಅಂದಿನಿಂದ ಇಂಥ ಫಲಿತಾಂಶ ಕಂಡರೆ ನಾನು ಮೊದಲು ಕೇಳೋದು, ಬೀಡ್ ಹೊಸದಾ ಹಳೇದಾ ಅಂತ. ಹಳೇ ಬೀಡಿನ ಗೀರುಗಳಲ್ಲಿ ಲೋಹ ಕೂತಿರುತ್ತೆ.

ತಂಗಿ: ಹಾಗಾದ್ರೆ ಪ್ರಕಟವಾದ ಪೇಪರ್ ನಂಬೋದು ಹೇಗೆ?

ಅಕ್ಕ: ಮಾಡಿ ನೋಡಿ. 1921ರಿಂದ ನಡೀತಿರೋ 'ಆರ್ಗ್ಯಾನಿಕ್ ಸಿಂಥೆಸೀಸ್' ಅನ್ನೋ ಪ್ರಕಟಣೆ ಒಂದಿದೆ. ಅಲ್ಲಿಗೆ ನೀನು ವಿಧಾನ ಕಳಿಸಿದ್ರೆ ಸಂಪಾದಕ ಮಂಡಳಿಯ ಒಬ್ಬರ ಲ್ಯಾಬಿನಲ್ಲಿ ಅದನ್ನ ಅಕ್ಷರಶಃ ಮಾಡಿ ನೋಡ್ತಾರೆ. ಬಂದರೆ ಅಚ್ಚು, ಬರದಿದ್ರೆ ಇಲ್ಲ. ಎಲ್ಲಾ ಪತ್ರಿಕೆಗಳೂ ಹಾಗೆ ಮಾಡೋಕೆ ಆಗಲ್ಲ. ಆದರೆ ಅದರ ಅಡಿಟಿಪ್ಪಣಿ ಓದು ನೀನು. ಸೇರಿಸುವಾಗ ಬಣ್ಣ ಯಾವಾಗ ತಿರುಗುತ್ತೆ, ಯಾವ ಕಡ್ಡಿಯಿಂದ ಕಲಕಬೇಕು, ಎಲ್ಲಿ ನೊರೆ ಉಕ್ಕುತ್ತೆ, ಎಲ್ಲಾ ಬರೆದಿರ್ತಾರೆ. ನಮ್ಮ ಹುಡುಗರ ಥೀಸಿಸ್ಸಿನಲ್ಲಿ ಅದು ಒಂದು ಸಾಲಾಗಿರುತ್ತೆ: 'ಸಾಮಾನ್ಯ ವಿಧಾನದಂತೆ ಮಾಡಲಾಯಿತು.'

ತಂಗಿ: ಅದರಿಂದ ಏನು ತೊಂದರೆ?

ಅಕ್ಕ: ಹುಡುಗ ಐದು ವರ್ಷ ಇರ್ತಾನೆ. ಮೊದಲೆರಡು ವರ್ಷ ಕೈ ಪಳಗೋಕೇ ಹೋಗುತ್ತೆ. ಟಿಎಚ್‌ಎಫ್ ಅನ್ನೋ ಸಾಲ್ವೆಂಟ್ ಒಣಗಿಸೋಕೆ ಸೋಡಿಯಂ ಜೊತೆ ಬೆಂಜೋಫಿನೋನ್ ಹಾಕಿ ಕುದಿಸ್ತೀವಿ. ಗಾಢ ನೀಲಿ ಬಂದರೆ ನೀರೂ ಇಲ್ಲ, ಆಮ್ಲಜನಕವೂ ಇಲ್ಲ. ಯಾವ ನೀಲಿ ಸಾಕು, ಯಾವುದು ಸಾಲದು ಅಂತ ಪುಸ್ತಕದಲ್ಲಿ ಬಣ್ಣ ಹಚ್ಚಿ ತೋರಿಸಿಲ್ಲ. ಹರಳುಗಟ್ಟದೆ ಎಣ್ಣೆಯಾಗೇ ಕೂತ ಪದಾರ್ಥವನ್ನ ಗಾಜಿನ ಕಡ್ಡಿಯಿಂದ ಆರ್‌ಬಿಯ ಒಳಗೋಡೆ ಗೀರಿ ಹರಳು ಮಾಡಿಸೋದು, ಸಪರೇಟಿಂಗ್ ಫನೆಲ್‌ನಲ್ಲಿ ಎರಡು ಪದರ ಬೇರೆಯಾಗದೆ ಮೊಸರಾದಾಗ ಎಷ್ಟು ಬ್ರೈನ್, ಅಂದ್ರೆ ಗಟ್ಟಿ ಉಪ್ಪುನೀರು, ಹಾಕಬೇಕು, ಮಳೆಗಾಲದಲ್ಲಿ ಯಾವ ಕೆಲಸಕ್ಕೆ ಕೈ ಹಾಕಬಾರದು, ಇದೆಲ್ಲ ಪಕ್ಕದಲ್ಲಿ ನಿಂತು ನೋಡಿ ಬರೋದು. ಈಥರ್ ಕುದಿಯೋದು 35 ಡಿಗ್ರಿಗೆ. ಕಲಬುರಗಿಯ ಮೇ ತಿಂಗಳಲ್ಲಿ ಅದಕ್ಕೆ ಒಲೆಯೇ ಬೇಡ. ಯುರೋಪಿನಲ್ಲಿ ಬರೆದ ವಿಧಾನದಲ್ಲಿ 'ಕೋಣೆಯ ಉಷ್ಣಾಂಶ' ಅಂತಿದ್ದರೆ ಅದು ಯಾವ ಕೋಣೆ ಅಂತ ಕೇಳಬೇಕು. ಈ ಎಲ್ಲಾ ಕಲಿತು ಹುಡುಗನ ಕೈ ಪಳಗಿತು ಅನ್ನೋ ಹೊತ್ತಿಗೆ ವೈವಾ ಮುಗಿದು, ಜರ್ಮನಿಗೋ ಹೈದರಾಬಾದಿಗೋ ಹೊರಟುಹೋಗ್ತಾನೆ. ಪ್ರೊಫೆಸರು ಪಾಠ, ಪರೀಕ್ಷೆ, ಸಮಿತಿ ಅಂತ ಬೆಂಚಿನಿಂದ ಎದ್ದು ಎಷ್ಟೋ ವರ್ಷವಾಗಿರುತ್ತೆ. ಮುಂದಿನ ಹುಡುಗ ಮತ್ತೆ ಸೊನ್ನೆಯಿಂದ.

ತಂಗಿ: ಅದಕ್ಕೇ ನಿನ್ನಂಥವರು ಇರೋದಲ್ವಾ?

ಅಕ್ಕ: ಇರಬೇಕು. ಇರೋರು ಕಡಿಮೆ. ನನ್ನ ಹುದ್ದೆಯೂ ಪ್ರಾಜೆಕ್ಟ್ ಇರೋವರೆಗೆ. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಪ್ರೊಫೆಸರ್ ಅಲ್ಲದ, ಆದರೆ ಲ್ಯಾಬಿನಲ್ಲೇ ಕಾಯಂ ಆಗಿ ಉಳಿಯೋ ವಿಜ್ಞಾನಿಗಳ ಹುದ್ದೆ ಅಂತಲೇ ಇವೆ. ನಮ್ಮಲ್ಲಿ ಕೋಟಿಗಟ್ಟಲೆಯ ಯಂತ್ರಕ್ಕೆ ಮಂಜೂರಾತಿ ಸಿಗುತ್ತೆ, ಅದನ್ನ ಬಲ್ಲ ಒಂದು ಜೀವಕ್ಕೆ ಸಿಗಲ್ಲ. ಪ್ರತಿ ವಿಭಾಗಕ್ಕೆ ಇಬ್ಬರು ಕಾಯಂ ವಿಜ್ಞಾನಿಗಳನ್ನ ಕೊಟ್ಟರೆ ಈಗ ಹಾಳಾಗ್ತಿರೋ ಸಾಲ್ವೆಂಟಿನ ದುಡ್ಡಿನಲ್ಲೇ ಸಂಬಳದ ಒಂದು ಪಾಲು ಹುಟ್ಟುತ್ತೆ. ಇದು ನನ್ನ ಹೊಟ್ಟೆಪಾಡಿನ ಮಾತೂ ಹೌದು, ಸುಳ್ಳು ಹೇಳಲ್ಲ.

ತಂಗಿ: ಜೆಆರ್‌ಎಫ್‌ಗೆ 37,000 ಅಂತಾರೆ.

ಅಕ್ಕ: 2023ರ ಜನವರಿಯಿಂದ ಅಷ್ಟು, ಜೊತೆಗೆ ಮನೆ ಬಾಡಿಗೆ ಭತ್ಯೆ. ಎರಡು ವರ್ಷ ಆದಮೇಲೆ 42,000. ಕಾಗದದಲ್ಲಿ ಚೆನ್ನಾಗಿದೆ. ತಿಂಗಳು ತಿಂಗಳು ಬರುತ್ತೆ ಅಂತ ಮಾತ್ರ ನಂಬ್ಕೊಂಡು ಮನೆ ಬಾಡಿಗೆಗೆ ಹಿಡೀಬೇಡ.

ತಂಗಿ: ಅಮ್ಮನ ಭಯ ದುಡ್ಡಿನದಲ್ಲ. ಸಿಡಿಯುತ್ತೆ, ಸುಡುತ್ತೆ ಅಂತ.

ಅಕ್ಕ: ಆ ಭಯ ಸರಿಯಾದದ್ದೇ, ಅದನ್ನ ನಗಾಡಿ ತಳ್ಳಬೇಡ. ಬ್ಯಾರಿ ಶಾರ್ಪ್‌ಲೆಸ್ ಹೆಸರು ಕೇಳಿದ್ದೀಯಲ್ಲ. 2001ರಲ್ಲಿ ಒಂದು ನೊಬೆಲ್, 2022ರಲ್ಲಿ ಇನ್ನೊಂದು. 1970ರಲ್ಲಿ ಅವರು ಎಂಐಟಿಯಲ್ಲಿ ಹೊಸ ಮೇಷ್ಟ್ರು. ರಾತ್ರಿ ಬಹಳ ಹೊತ್ತಾಗಿ ಮನೆಗೆ ಹೊರಟಿದ್ದರು, ಸುರಕ್ಷತಾ ಕನ್ನಡಕ ತೆಗೆದಾಗಿತ್ತು. ದಾರಿಯಲ್ಲಿ ಒಬ್ಬ ವಿದ್ಯಾರ್ಥಿ ಎನ್‌ಎಂಆರ್ ಟ್ಯೂಬಿನ ಬಾಯಿ ಕರಗಿಸಿ ಮುಚ್ಚುತ್ತಿದ್ದ. ಒಂದು ನಿಮಿಷ ನೋಡೋಣ ಅಂತ ನಿಂತು, ಟ್ಯೂಬ್ ಎತ್ತಿ ಬೆಳಕಿಗೆ ಹಿಡಿದರು. ದ್ರವ ನೈಟ್ರೋಜನ್ನಿನ ತಂಪಿಗೆ ಅದರೊಳಗೆ ಗಾಳಿಯ ಆಮ್ಲಜನಕ ದ್ರವವಾಗಿ ಇಳಿದಿತ್ತು. ಬಿಸಿ ತಾಗಿ ಸಿಡಿಯಿತು. ಒಂದು ಕಣ್ಣಿನ ದೃಷ್ಟಿ ಹೋಯ್ತು. ಹೊಸಬರಿಗೆಲ್ಲ ಗೊತ್ತಾಗಲಿ ಅಂತ ಅವರೇ ಅದನ್ನ ಬರೆದಿದ್ದಾರೆ.

ತಂಗಿ: ಅವರ ಪ್ರಯೋಗವೂ ಅಲ್ಲ.

ಅಕ್ಕ: ಅದೇ. ಪಕ್ಕದ ಬೆಂಚಿನವನ ಪ್ರಯೋಗ ನಿನ್ನ ಕಣ್ಣು ತೆಗೀಬಹುದು. ಆದ್ದರಿಂದ ಕನ್ನಡಕ ಬಾಗಿಲಲ್ಲೇ ಹಾಕಿ ಬಾಗಿಲಲ್ಲೇ ತೆಗೀಬೇಕು. ಕೈಗವಸನ್ನೂ ಪೂರ್ತಿ ನಂಬೋ ಹಾಗಿಲ್ಲ. 1996ರಲ್ಲಿ ಡಾರ್ಟ್‌ಮತ್ ಕಾಲೇಜಿನ ಪ್ರೊಫೆಸರ್ ಕ್ಯಾರೆನ್ ವೆಟರ್‌ಹಾನ್ ಅವರ ಕೈಗವಸಿನ ಮೇಲೆ ಡೈಮೀಥೈಲ್ ಮರ್ಕ್ಯುರಿಯ ಕೆಲವು ಹನಿ ಬಿತ್ತು. ಲೇಟೆಕ್ಸ್ ಅದನ್ನ ತಡೆಯಲಿಲ್ಲ. ಮಾರನೇ ವರ್ಷ ಅವರು ತೀರಿಕೊಂಡರು. ಯಾವ ಪದಾರ್ಥಕ್ಕೆ ಯಾವ ಗವಸು ಅಂತ ಓದಿ ಹಾಕಬೇಕು. ಸೋಡಿಯಂ ಅಝೈಡ್ ಇದ್ದ ಕಡೆ ಡೈಕ್ಲೋರೋಮೀಥೇನ್ ತರಬಾರದು. ಒಬ್ಬಳೇ ಇದ್ದಾಗ ರಾತ್ರಿ ಬ್ಯೂಟೈಲ್ ಲಿಥಿಯಂ ಮುಟ್ಟಬಾರದು. ಎಷ್ಟೇ ಅರ್ಜೆಂಟ್ ಇರಲಿ.

ತಂಗಿ: ಇಷ್ಟೆಲ್ಲ ಇದ್ದೂ ನೀನು ಯಾಕೆ ಬಿಟ್ಟು ಹೋಗಿಲ್ಲ?

ಅಕ್ಕ: ಹರಳಿಗಾಗಿ ಅಂತ ಹೇಳಿದ್ರೆ ನಗ್ತೀಯ. ಒಂದು ಪುಡಿಯ ಗ್ರಾಫ್ ತೆರೆದಾಗ, ಗೆರೆಗಳೆಲ್ಲ ತಂತಮ್ಮ ಜಾಗದಲ್ಲಿ ಕೂತು, ಲೆಕ್ಕ ಸರಿಯಾಗಿ ಬಂದಾಗ, ಈ ಪದಾರ್ಥ ಇಲ್ಲಿಯವರೆಗೆ ಭೂಮಿ ಮೇಲೆ ಎಲ್ಲೂ ಇರಲಿಲ್ಲ, ಈಗ ನಮ್ಮ ಈ ಸೀಸೆಯಲ್ಲಿ ಇದೆ ಅಂತ ಗೊತ್ತಾಗುತ್ತೆ. ಅದು ವರ್ಷಕ್ಕೆ ಕೆಲವೇ ಸಲ. ಉಳಿದ ದಿನ ಕೊಟೇಷನ್ ತರಿಸೋದು, ಸ್ಟಾಕ್ ಬುಕ್ ಬರೆಯೋದು, ಯಾರೋ ಉಕ್ಕಿಸಿದ ರೋಟಾ ಬಿಚ್ಚಿ ತೊಳೆಯೋದು. ಜೊತೆಗೆ ಇನ್ನೊಂದು. ಕಂಪನಿಯಲ್ಲಿ ಮೂರು ಸಲ ಬಾರದ ರಿಯಾಕ್ಷನ್ನನ್ನ ಬಿಟ್ಟು ಮುಂದೆ ಹೋಗು ಅಂತಾರೆ, ಅವರಿಗೆ ಗಿರಾಕಿ ಕಾಯ್ತಿರ್ತಾನೆ, ತಪ್ಪೇನಿಲ್ಲ. ನಾನು ಯಾಕೆ ಬರಲಿಲ್ಲ ಅಂತ ಕೇಳ್ತಾ ಕೂರಬಹುದು. ಆ ಸ್ವಾತಂತ್ರ್ಯಕ್ಕೆ ಕಡಿಮೆ ಸಂಬಳ ಒಪ್ಪಿದ್ದೀನಿ.

ತಂಗಿ: ಹಾಗಾದ್ರೆ ಸೇರಲಾ?

ಅಕ್ಕ: ಆ ಲ್ಯಾಬನ್ನ ನೋಡದೆ ಹೇಗೆ ಹೇಳಲಿ? ಹೇಳದೆ ಕೇಳದೆ ಒಂದು ಮಧ್ಯಾಹ್ನ ಹೋಗು. ಬೆಂಚಿನ ಹತ್ತಿರ ನಿಂತವರು ಕನ್ನಡಕ ಹಾಕಿದ್ದಾರಾ ನೋಡು. ಬಿಟ್ಟುಹೋದ ಯಾರದಾದರೂ ಹಳೇ ನೋಟ್‌ಬುಕ್ ಕೇಳು. ಕೊಟ್ಟರೆ ಮಧ್ಯದ ಒಂದು ಪುಟ ತೆಗೆದು, ಇದನ್ನ ಓದಿ ನಾನು ಈ ರಿಯಾಕ್ಷನ್ ಹಾಕಬಲ್ಲೆನಾ ಅಂತ ಯೋಚಿಸು. ಆಮೇಲೆ ಮೇಷ್ಟ್ರು ಇಲ್ಲದಾಗ ಹುಡುಗರನ್ನ ಕ್ಯಾಂಟೀನಿಗೆ ಕರೆದು ಹೋಗಿ, ಕಳೆದ ಫೆಲೋಶಿಪ್ ಯಾವ ತಿಂಗಳದ್ದು ಬಂತು, ಫೇಲಾದ ರಿಯಾಕ್ಷನ್ ತೋರಿಸಿದ್ರೆ ಸರ್ ಏನಂತಾರೆ ಅಂತ ಕೇಳು. ಇವಕ್ಕೆ ನೆಟ್ಟಗಿನ ಉತ್ತರ ಸಿಕ್ಕಿದ್ರೆ ಚಿಕ್ಕಮ್ಮನ ಹತ್ತಿರ ನಾನೇ ಮಾತಾಡ್ತೀನಿ. ಸಿಗದಿದ್ರೆ, ಪ್ರೊಫೆಸರ್ ಎಷ್ಟೇ ದೊಡ್ಡ ಹೆಸರಿನವರಾಗಿರಲಿ, ಸೇರಬೇಡ.